ಹುಟ್ಟಿನೊಡನೆ ಬಂದ ರೋಗವೂ ಮನುಷ್ಯಪ್ರಯತ್ನವೂ

ತಂದೆತಾಯಿಗಳಿಂದ ಮಕ್ಕಳಿಗೆ ಇಳಿದುಬರುವ ಸೊತ್ತು ಬಹುವಿಧವಾದುದು. ಹೊಲಮನೆಗಳು ಬರುತ್ತವೆ, ಮನೆತನದ ಹೆಸರು ಬರುತ್ತದೆ, ಒಮ್ಮೊಮ್ಮೆ ಸಾಲವೂ ಬರುತ್ತದೆ. ಹೊಲ ಬೇಡವಾದರೆ ಮಾರಬಹುದು. ಸಾಲವನ್ನು ದುಡಿದು ತೀರಿಸಬಹುದು. ಆದರೆ ಮೈಯೊಡನೆಯೇ ಬರುವ ಸೊತ್ತನ್ನು ಯಾರಿಗೂ ಒಪ್ಪಿಸಿ ಕೈತೊಳೆದುಕೊಳ್ಳುವಂತಿಲ್ಲ. ಮುಖದ ಹೋಲಿಕೆ, ದನಿಯ ಧಾಟಿ, ನಡಿಗೆಯ ರೀತಿ ಇವು ಬಂದ ದಾರಿಯಲ್ಲಿಯೇ ಕೆಲವು ಮನೆಗಳಲ್ಲಿ ರೋಗವೂ ಬರುತ್ತದೆ. ಲೋಕವನ್ನು ಇನ್ನೂ ಕಣ್ಣುಬಿಟ್ಟು ನೋಡದ, ಒಳಿತನ್ನಾಗಲಿ ಕೆಡುಕನ್ನಾಗಲಿ ಮಾಡಲರಿಯದ ಹಸುಗೂಸು ಉಸಿರಿಗಾಗಿ ಒದ್ದಾಡುವುದನ್ನು ಕಂಡಾಗ ವಿಚಾರವಂತರ ಮನಸ್ಸಿನಲ್ಲಿ ಮೂರು ಪ್ರಶ್ನೆಗಳು ಏಳುತ್ತವೆ. ಇದು ಯಾರ ತಪ್ಪು? ಇದನ್ನು ತಿದ್ದಲು ಮನುಷ್ಯನಿಗೆ ಅಧಿಕಾರವುಂಟೆ? ಉಂಟಾದರೆ ಆ ಅಧಿಕಾರದ ಎಲ್ಲೆ ಯಾವುದು?

ಇವು ಬರಿಯ ತರ್ಕದ ಪ್ರಶ್ನೆಗಳಲ್ಲ. ವಂಶಾನುಗತವಾದ ಶ್ವಾಸಕೋಶದ ರೋಗಗಳನ್ನು ಅವುಗಳ ಮೂಲದಲ್ಲಿಯೇ ತಿದ್ದಬೇಕೆಂಬ ಪ್ರಯತ್ನ ಲೋಕದಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕಿ ನಡೆದಿದೆ. ಅದರ ವೃತ್ತಾಂತವನ್ನು ತಿಳಿದು ವಿಚಾರಿಸಿದರೆ ಪ್ರಶ್ನೆಗಳಿಗೂ ಒಂದು ನೆಲೆ ದೊರೆಯುತ್ತದೆ.

ಈ ಬಗೆಯ ರೋಗಗಳಲ್ಲಿ ಮುಖ್ಯವಾದುದು ಸಿಸ್ಟಿಕ್ ಫೈಬ್ರೋಸಿಸ್ ಎಂಬುದು. ಆರೋಗ್ಯವಂತರ ಶ್ವಾಸನಾಳಗಳ ಒಳಮೈಯಲ್ಲಿ ತೆಳುವಾದ ದ್ರವದ ಲೇಪವೊಂದಿರುತ್ತದೆ. ಉಸಿರಿನೊಡನೆ ಬಂದ ಧೂಳನ್ನೂ ರೋಗಾಣುಗಳನ್ನೂ ಅದು ಹಿಡಿದಿಡುತ್ತದೆ; ಅಲ್ಲಿರುವ ಸೂಕ್ಷ್ಮವಾದ ರೋಮಗಳು ಅದನ್ನು ಮೇಲಕ್ಕೆ ತಳ್ಳಿ ಹೊರಗೆ ಹಾಕುತ್ತವೆ. ಈ ರೋಗಿಗಳಲ್ಲಿ ಆ ದ್ರವ ಅಂಟಿನಂತೆ ಗಟ್ಟಿಯಾಗುತ್ತದೆ. ಕಫ ಕದಲದೆ ನಿಲ್ಲುತ್ತದೆ. ನಿಂತ ನೀರಿನಲ್ಲಿ ಹುಳು ಬೀಳುವಂತೆ ಅದರಲ್ಲಿ ರೋಗಾಣುಗಳು ಬೀಡುಬಿಡುತ್ತವೆ. ಶ್ವಾಸಕೋಶ ವರ್ಷವರ್ಷಕ್ಕೂ ಕ್ಷಯಿಸುತ್ತ ಹೋಗುತ್ತದೆ. ಮೇದೋಜೀರಕ ಗ್ರಂಥಿಯ ನಾಳಗಳು ಕಟ್ಟಿಕೊಳ್ಳುವುದರಿಂದ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಬೆವರಿನಲ್ಲಿ ಉಪ್ಪು ಮಿತಿಮೀರಿ ಹೋಗುತ್ತದೆ.

ನ್ಯೂಯಾರ್ಕಿನ ವೈದ್ಯೆ ಡೊರೊಥಿ ಆ್ಯಂಡರ್ಸನ್ 1938ರಲ್ಲಿ ಈ ರೋಗದ ಲಕ್ಷಣಗಳನ್ನು ಕ್ರಮವಾಗಿ ವಿವರಿಸಿದರು. 1948ರಲ್ಲಿ ಆ ನಗರದಲ್ಲಿ ತೀವ್ರವಾದ ಸೆಕೆ ಬಿದ್ದಾಗ ಈ ರೋಗದ ಮಕ್ಕಳು ಹೆಚ್ಚಾಗಿ ಬಳಲಿ ಬೀಳುವುದನ್ನು ವೈದ್ಯರು ಗಮನಿಸಿದರು. ಅದೇ ಸುಳಿವನ್ನು ಹಿಡಿದು ಹೊರಟ ಪಾಲ್ ಡಿ ಸಾಂಟ್ ಆಗ್ನೀಸ್ ಎಂಬ ವೈದ್ಯರು ಬೆವರಿನ ಉಪ್ಪಿನ ರಹಸ್ಯವನ್ನು 1953ರಲ್ಲಿ ಪ್ರಕಟಿಸಿದರು. ಆ ಕಾಲದಲ್ಲಿ ಇಂತಹ ಮಕ್ಕಳು ಶಾಲೆಯ ಮೆಟ್ಟಿಲು ಹತ್ತುವ ವಯಸ್ಸನ್ನು ಮುಟ್ಟುವುದೇ ಅಪರೂಪವಾಗಿತ್ತು.

ಮೂಲಕಾರಣ ತಿಳಿದದ್ದು 1989ರಲ್ಲಿ. ಕೆನಡಾ ದೇಶದ ಟೊರಾಂಟೊ ನಗರದ ಲ್ಯಾಪ್-ಚೀ ತ್ಸುಯಿ ಮತ್ತು ಜಾಕ್ ರಿಯೋರ್ಡನ್, ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಫ್ರಾನ್ಸಿಸ್ ಕಾಲಿನ್ಸ್ ಇವರೂ ಇವರ ಸಂಗಡಿಗರೂ ಏಳನೆಯ ವರ್ಣತಂತುವಿನಲ್ಲಿ ದೋಷದ ಸ್ಥಾನವನ್ನು ಕಂಡುಹಿಡಿದರು. ಜೀವಕೋಶದ ಹೊರಪೊರೆಯಲ್ಲಿ ಉಪ್ಪಿನ ಅಂಶವು ದಾಟುವುದಕ್ಕೆ ಬಾಗಿಲಿನಂತಿರುವ ಒಂದು ಪ್ರೋಟೀನುಂಟು. ಅದು 1,480 ಕಣಗಳನ್ನು ಮಣಿಗಳಂತೆ ಪೋಣಿಸಿದ ಸರ. ಬಹುಮಂದಿ ರೋಗಿಗಳಲ್ಲಿ ಆ ಸರದ 508ನೆಯ ಮಣಿಯೊಂದು ಇಲ್ಲವಾಗಿರುತ್ತದೆ, ಅಷ್ಟೆ. ಒಂದು ಅಕ್ಷರ ಬಿದ್ದುಹೋದರೆ ಶ್ಲೋಕದ ಅರ್ಥವೇ ಕೆಡುವಂತೆ, ಒಂದು ಮಣಿಯ ಲೋಪದಿಂದ ಒಂದು ಜೀವಮಾನವೇ ಕೆಡುತ್ತದೆ. ಇದಲ್ಲದೆ ಅದೇ ವಂಶವಾಹಿಯಲ್ಲಿ 2,000ಕ್ಕೂ ಹೆಚ್ಚು ಬಗೆಯ ವ್ಯತ್ಯಾಸಗಳು ಈವರೆಗೆ ಕಂಡುಬಂದಿವೆ.

ಇನ್ನು ಮೊದಲನೆಯ ಪ್ರಶ್ನೆ: ಇದು ಯಾರ ತಪ್ಪು?

ಯೂರೋಪಿನ ಹಳ್ಳಿಗಳಲ್ಲಿ ಹಿಂದೆ ಒಂದು ನಂಬಿಕೆಯಿತ್ತು. ಮಗುವಿನ ಹಣೆಗೆ ಮುತ್ತಿಟ್ಟಾಗ ಉಪ್ಪಿನ ರುಚಿ ಹತ್ತಿದರೆ ಆ ಮಗುವಿಗೆ ಮಾಟ ತಗುಲಿದೆ, ಅದು ಬಹುದಿನ ಬಾಳದು ಎಂದು ಜನ ಹೇಳುತ್ತಿದ್ದರು. ಕಂಡದ್ದು ದಿಟ; ಕಾರಣ ಮಾತ್ರ ಸುಳ್ಳು. ನಮ್ಮ ನಾಡಿನಲ್ಲಿಯೂ ಇಂತಹ ಮಾತುಗಳಿಗೆ ಕೊರತೆಯಿಲ್ಲ. ಮಗು ರೋಗಿಷ್ಠವಾಗಿ ಹುಟ್ಟಿದರೆ ಸೊಸೆಯ ಕಾಲ್ಗುಣ ಸರಿಯಿಲ್ಲವೆನ್ನುತ್ತಾರೆ. ಅವಳ ತವರಿನ ಬೀಜವೇ ಕೆಟ್ಟದ್ದೆನ್ನುತ್ತಾರೆ. ಮಗುವಿನ ನೋವಿನ ಮೇಲೆ ತಾಯಿಯ ನೋವನ್ನೂ ಹೇರುತ್ತಾರೆ.

ವಸ್ತುಸ್ಥಿತಿ ಹೀಗಿದೆ. ಈ ವಂಶವಾಹಿಯ ಎರಡು ಪ್ರತಿಗಳು ಪ್ರತಿಯೊಬ್ಬ ಮನುಷ್ಯನಲ್ಲಿಯೂ ಇರುತ್ತವೆ. ತಂದೆಯಿಂದ ಒಂದು, ತಾಯಿಯಿಂದ ಒಂದು. ಒಂದು ಕೆಟ್ಟಿದ್ದರೂ ಇನ್ನೊಂದು ಒಳ್ಳೆಯದಿದ್ದರೆ ರೋಗ ಬರುವುದಿಲ್ಲ. ಅಂತಹವರು ತಮ್ಮಲ್ಲಿ ದೋಷವನ್ನು ಹೊತ್ತಿರುವುದನ್ನೇ ಅರಿಯರು. ತಂದೆತಾಯಿಗಳಿಬ್ಬರೂ ಹೀಗೆ ಹೊತ್ತವರಾದರೆ ಮಾತ್ರ ಹುಟ್ಟುವ ಪ್ರತಿಯೊಂದು ಮಗುವಿಗೂ ನಾಲ್ಕರಲ್ಲಿ ಒಂದು ಪಾಲಿನಷ್ಟು ರೋಗದ ಸಂಭವವಿರುತ್ತದೆ. ಅಂದಮೇಲೆ ದೋಷದಲ್ಲಿ ತಾಯಿಗೆಷ್ಟೋ ತಂದೆಗೂ ಅಷ್ಟೇ ಪಾಲು. ಅಪರಾಧದಲ್ಲಿ ಇಬ್ಬರಿಗೂ ಪಾಲಿಲ್ಲ. ಯೂರೋಪು ಮೂಲದ ಜನರಲ್ಲಿ ಸುಮಾರು 25 ಮಂದಿಗೆ ಒಬ್ಬರು ಈ ದೋಷವನ್ನು ಹೊತ್ತವರೆಂದು ಎಣಿಸಿದ್ದಾರೆ. ನಿರ್ದೋಷವಾದ ಬೀಜ ತನ್ನದೆಂದು ಎದೆತಟ್ಟಿ ಹೇಳಬಲ್ಲ ಮನೆತನ ಲೋಕದಲ್ಲಿ ಒಂದೂ ಇಲ್ಲ.

ಪ್ರಾಚೀನ ವೈದ್ಯಾಚಾರ್ಯರು ಈ ವಿಷಯವನ್ನು ತಮ್ಮ ಮಟ್ಟಿಗೆ ಚಿಂತಿಸಿದ್ದರು. ಸುಶ್ರುತಸಂಹಿತೆಯು ಶುಕ್ರಶೋಣಿತಗಳ ದೋಷದಿಂದ ಹುಟ್ಟುವ ವ್ಯಾಧಿಗಳನ್ನು ಆದಿಬಲಪ್ರವೃತ್ತವೆಂದು ಕರೆದು, ಮಾತೃಜ ಪಿತೃಜವೆಂದು ಎರಡಾಗಿ ವಿಭಾಗಿಸಿದೆ. ಬೀಜದ ಯಾವ ಭಾಗ ಕೆಡುವುದೋ ಆ ಭಾಗದಿಂದ ಆಗಬೇಕಾದ ಅವಯವ ಕೆಡುವುದೆಂದು ಚರಕಸಂಹಿತೆಯ ಶಾರೀರಸ್ಥಾನ ಹೇಳುತ್ತದೆ. ಇಂದಿನ ವಂಶವಾಹಿಯ ಜ್ಞಾನವೆಲ್ಲ ಅಲ್ಲಿಯೇ ಇತ್ತೆಂದು ಹಿಗ್ಗುವುದು ತರವಲ್ಲ. ಅವರ ಸಾಧನಗಳು ಬೇರೆ, ಇವರ ಸಾಧನಗಳು ಬೇರೆ. ಆದರೆ ರೋಗದ ಕಾರಣವನ್ನು ಮಾಟದಲ್ಲಿ ಹುಡುಕದೆ ಬೀಜದಲ್ಲಿ ಹುಡುಕಬೇಕೆಂಬ ವಿವೇಕ ಅವರಲ್ಲಿತ್ತೆಂಬುದು ನಿರ್ವಿವಾದ.

ಇಲ್ಲಿ ಪೂರ್ವಪಕ್ಷವೊಂದು ತಲೆಯೆತ್ತುತ್ತದೆ. ‘ಬೀಜದೋಷ ಸರಿ, ಆದರೆ ಆ ದೋಷದ ಬೀಜದಲ್ಲಿಯೇ ಈ ಜೀವ ಬಂದು ಸೇರಿದ್ದೇಕೆ? ಅದು ಅದರ ಕರ್ಮವಲ್ಲವೆ?’ ಈ ಮಾತಿಗೆ ಸಮಾಧಾನವಿಷ್ಟೆ. ಕರ್ಮದ ವಿಚಾರ ತನ್ನ ನಡೆಯನ್ನು ತಾನು ತಿದ್ದಿಕೊಳ್ಳುವುದಕ್ಕಾಗಿ ಹುಟ್ಟಿದ್ದು, ನೆರೆಮನೆಯ ತೊಟ್ಟಿಲಿನ ಮೇಲೆ ತೀರ್ಪು ಕೊಡುವುದಕ್ಕಾಗಿ ಅಲ್ಲ. ಇನ್ನೊಬ್ಬರ ಕರ್ಮದ ಲೆಕ್ಕದ ಪುಸ್ತಕ ಯಾರ ಕೈಯಲ್ಲಿಯೂ ಇಲ್ಲ. ಹುಟ್ಟಿನಿಂದ ಹಿರಿತನ ಕಿರಿತನಗಳನ್ನು ಅಳೆಯುವ ರೂಢಿಯನ್ನು ಹನ್ನೆರಡನೆಯ ಶತಮಾನದ ಶರಣರು ನಿರಾಕರಿಸಿದರು. ಕುಲದ ಕೀಳನ್ನು ಹುಟ್ಟಿಗೆ ಅಂಟಿಸುವುದು ತಪ್ಪಾದರೆ ರೋಗದ ಕಳಂಕವನ್ನು ಹುಟ್ಟಿಗೆ ಅಂಟಿಸುವುದೂ ಅಷ್ಟೇ ತಪ್ಪು. ಎರಡರಲ್ಲಿಯೂ ಮಾಡದ ತಪ್ಪಿಗೆ ದಂಡ ವಿಧಿಸುವ ಅನ್ಯಾಯವೇ ಇದೆ.

ತಪ್ಪಿಲ್ಲವೆಂದ ಮಾತ್ರಕ್ಕೆ ಹೊಣೆಯಿಲ್ಲವೆಂದಾಗದು. ಕರ್ನಾಟಕದಲ್ಲಿ ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಹೆಣ್ಣು ಕೊಡುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಒಂದೇ ಹಿರಿಯರಿಂದ ಇಳಿದುಬಂದ ಅದೇ ದೋಷ ಗಂಡಹೆಂಡಿರಿಬ್ಬರಲ್ಲಿಯೂ ಇರುವ ಸಂಭವ ಇಂತಹ ಮದುವೆಗಳಲ್ಲಿ ಹೆಚ್ಚು. ಈ ರೋಗ ಭಾರತದಲ್ಲಿ ಇಲ್ಲವೇ ಇಲ್ಲವೆಂದು ಒಂದು ಕಾಲಕ್ಕೆ ಭಾವಿಸಲಾಗಿತ್ತು. ಈಗ ಆ ಭಾವನೆ ತಪ್ಪೆಂದು ತಿಳಿದಿದೆ. ಅನೇಕ ಕಡೆ ಇದನ್ನು ಉಬ್ಬಸವೆಂದೋ ಕ್ಷಯವೆಂದೋ ಪೋಷಣೆಯ ಕೊರತೆಯೆಂದೋ ತಿಳಿದು ಕಾಲ ಕಳೆಯುವುದುಂಟು. ಮನೆತನದಲ್ಲಿ ಒಂದು ಮಗು ಹೀಗೆ ಬಳಲಿದ್ದರೆ ಮುಂದಿನ ಮದುವೆಯ ಮಾತಿಗೆ ಮೊದಲು ಬಲ್ಲ ವೈದ್ಯರನ್ನು ಕೇಳುವುದು ಗೃಹಸ್ಥನ ಕರ್ತವ್ಯ. ನಾಚಿಕೆಯಿಂದ ಮುಚ್ಚಿಡುವುದರಲ್ಲಿ ಮರ್ಯಾದೆಯಿಲ್ಲ; ಮುಚ್ಚಿಟ್ಟದ್ದು ಮುಂದಿನ ತೊಟ್ಟಿಲಿನಲ್ಲಿ ಹೊರಬೀಳುತ್ತದೆ.

ಎರಡನೆಯ ಪ್ರಶ್ನೆ: ಹುಟ್ಟಿನೊಡನೆ ಬಂದುದನ್ನು ತಿದ್ದಲು ಮನುಷ್ಯನಿಗೆ ಅಧಿಕಾರವುಂಟೆ?

ಎಲ್ಲವೂ ದೈವದಿಂದಲೇ ನಿಶ್ಚಿತವಾಗಿದ್ದರೆ ಔಷಧವೂ ಬೇಡ, ಪಥ್ಯವೂ ಬೇಡ. ಚರಕಾಚಾರ್ಯರು ವಿಮಾನಸ್ಥಾನದಲ್ಲಿ ಈ ವಾದವನ್ನೆತ್ತಿಕೊಂಡು, ದೈವ ಪುರುಷಕಾರಗಳೆರಡನ್ನೂ ತೂಗಿ, ದುರ್ಬಲವಾದ ದೈವವನ್ನು ಬಲವಾದ ಪುರುಷಕಾರ ಗೆಲ್ಲಬಲ್ಲುದೆಂದು ನಿರ್ಣಯಿಸಿದ್ದಾರೆ. ಆದರೂ ಕುಲದಿಂದ ಬಂದ ವಿಕಾರಗಳು ಅಸಾಧ್ಯವೆಂದು ಅವರೇ ಹೇಳಿದ್ದುಂಟು. ಆ ಕಾಲಕ್ಕೆ ಆ ಮಾತು ಪ್ರಾಮಾಣಿಕವಾದುದು. ಅಸಾಧ್ಯವೆಂದರೆ ನಿಷಿದ್ಧವೆಂದರ್ಥವಲ್ಲ, ಅಂದಿನ ಕೈಗೆ ಎಟುಕದ್ದೆಂದಷ್ಟೇ ಅರ್ಥ. ಶರಣರಲ್ಲಿ ವೈದ್ಯ ಸಂಗಣ್ಣನವರು ವೈದ್ಯವೃತ್ತಿಯನ್ನೇ ಕಾಯಕವಾಗಿ ಮಾಡಿಕೊಂಡವರು. ರೋಗಿಯ ಮೈಯನ್ನು ಮುಟ್ಟಿ ನೋಡುವ ಕೆಲಸ ದೈವಕ್ಕೆ ಎದುರಾದ ಕೆಲಸವೆಂದು ಅಂದೂ ಯಾರೂ ಎಣಿಸಲಿಲ್ಲ.

ವಂಶವಾಹಿ ಚಿಕಿತ್ಸೆಯ ತತ್ತ್ವ ಹೇಳಲು ಸುಲಭ. ಕೆಟ್ಟ ಪ್ರತಿಯಿರುವ ಜೀವಕೋಶದೊಳಕ್ಕೆ ಒಳ್ಳೆಯ ಪ್ರತಿಯೊಂದನ್ನು ಕಳುಹಿಸಬೇಕು. ಅದನ್ನು ನೋಡಿಕೊಂಡು ಕೋಶ ಸರಿಯಾದ ಪ್ರೋಟೀನನ್ನು ಮಾಡಿಕೊಳ್ಳಬೇಕು. 1990ರಲ್ಲಿ ಪ್ರಯೋಗಶಾಲೆಯ ಪಾತ್ರೆಯಲ್ಲಿ ಬೆಳೆಸಿದ ಕೋಶಗಳಲ್ಲಿ ಇದು ಸಿದ್ಧಿಸಿತು. 1993ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ರೊನಾಲ್ಡ್ ಕ್ರಿಸ್ಟಲ್ ಅವರ ತಂಡ ರೋಗಿಗಳಲ್ಲಿ ಇದನ್ನು ಪ್ರಯೋಗಿಸಿತು. ನೆಗಡಿಯನ್ನುಂಟುಮಾಡುವ ಜಾತಿಯ ವೈರಸ್ಸೊಂದನ್ನು ನಿರಪಾಯಕಾರಿಯಾಗಿ ಮಾಡಿ, ಅದರ ಬೆನ್ನಿನ ಮೇಲೆ ಒಳ್ಳೆಯ ವಂಶವಾಹಿಯನ್ನು ಹೊರಿಸಿ, ಮೂಗಿಗೂ ಶ್ವಾಸಕೋಶಕ್ಕೂ ಕಳುಹಿಸಿದರು. ಕೆಲವೇ ವರ್ಷಗಳಲ್ಲಿ ರೋಗ ತೊಲಗೀತೆಂದು ಬಹುಮಂದಿ ನಂಬಿದರು.

ಹಾಗಾಗಲಿಲ್ಲ. ಹೊರಗಿನಿಂದ ಬಂದುದನ್ನು ತಡೆಯುವುದೇ ಶ್ವಾಸಕೋಶದ ಸ್ವಭಾವ. ಧೂಳನ್ನು ತಡೆಯುವ ಅದೇ ಲೇಪ ಔಷಧವನ್ನೂ ತಡೆಯಿತು; ಅದರಲ್ಲಿಯೂ ಈ ರೋಗಿಗಳ ಕಫ ಗೋಡೆಯಂತೆ ದಪ್ಪ. ಒಳಹೊಕ್ಕ ವಂಶವಾಹಿ ಕೆಲವು ದಿನ ಕೆಲಸ ಮಾಡಿತು. ಕೋಶಗಳು ಸವೆದು ಹೊಸವು ಬಂದಾಗ ಅದೂ ಹೋಯಿತು. ಎರಡನೆಯ ಸಲ ಕೊಡಹೋದರೆ, ವೈರಸ್ಸಿನ ಪರಿಚಯವಾಗಿದ್ದ ದೇಹದ ರಕ್ಷಣಾಶಕ್ತಿ ಅದನ್ನು ಹೊಡೆದಟ್ಟಿತು. 1999ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ, ಯಕೃತ್ತಿಗೆ ಸಂಬಂಧಿಸಿದ ಬೇರೊಂದು ವಂಶರೋಗಕ್ಕಾಗಿ ಇಂತಹುದೇ ವೈರಸ್ಸನ್ನು ಪಡೆದ 18 ವರ್ಷದ ತರುಣನೊಬ್ಬ ನಾಲ್ಕು ದಿನಗಳಲ್ಲಿ ತೀರಿಕೊಂಡನು. ಲೋಕ ಬೆಚ್ಚಿತು, ಅನೇಕ ಪ್ರಯೋಗಗಳು ನಿಂತವು.

ಪ್ರಯತ್ನ ಮಾತ್ರ ಕೊನೆಗೊಳ್ಳಲಿಲ್ಲ. ಇಂಗ್ಲೆಂಡಿನ ಲಂಡನ್, ಆಕ್ಸ್‌ಫರ್ಡ್, ಸ್ಕಾಟ್ಲೆಂಡಿನ ಎಡಿನ್‌ಬರೋ ಈ ಮೂರು ಕಡೆಯ ವಿದ್ವಾಂಸರು ಒಂದುಗೂಡಿ, ವೈರಸ್ಸನ್ನು ಬಿಟ್ಟು ಸೂಕ್ಷ್ಮವಾದ ಕೊಬ್ಬಿನ ಕಣಗಳಲ್ಲಿ ವಂಶವಾಹಿಯನ್ನಿಟ್ಟು, ಉಸಿರಿನೊಡನೆ ಒಳಗೆಳೆದುಕೊಳ್ಳುವಂತೆ ಮಾಡಿದರು. ನೂರಕ್ಕೂ ಹೆಚ್ಚು ರೋಗಿಗಳು ಒಂದು ವರ್ಷಕಾಲ ತಿಂಗಳಿಗೊಮ್ಮೆ ಬಂದು ಅದನ್ನು ಸೇವಿಸಿದರು. 2015ರಲ್ಲಿ ಫಲಿತಾಂಶ ಪ್ರಕಟವಾಯಿತು. ಔಷಧ ಪಡೆದವರಿಗೂ ಪಡೆಯದವರಿಗೂ ಉಸಿರಿನ ಬಲದಲ್ಲಿ ಕಂಡ ಅಂತರ ನೂರಕ್ಕೆ 3.7ರಷ್ಟು ಮಾತ್ರ. ರೋಗ ವಾಸಿಯಾಗಲಿಲ್ಲ, ಇಳಿಮುಖ ಸ್ವಲ್ಪ ತಡೆಯಿತು. ಇಂದಿಗೂ ಈ ರೋಗಕ್ಕೆ ಮನ್ನಣೆ ಪಡೆದ ವಂಶವಾಹಿ ಚಿಕಿತ್ಸೆಯಿಲ್ಲ; ಶೋಧನೆ ಸಾಗಿದೆ. ಇಷ್ಟರಲ್ಲಿ ಇನ್ನೊಂದು ದಾರಿ ತೆರೆಯಿತು. ವಂಶವಾಹಿಯನ್ನು ಮುಟ್ಟದೆ, ಕೆಟ್ಟ ಪ್ರೋಟೀನನ್ನೇ ಸರಿಪಡಿಸಿ ದುಡಿಸುವ ಗುಳಿಗೆಗಳು ಅಮೆರಿಕದಲ್ಲಿ 2012ರಿಂದ ದೊರೆತವು. 2019ರಲ್ಲಿ ಮೂರು ಔಷಧಗಳು ಕೂಡಿದ ಗುಳಿಗೆ ಬಂದಮೇಲೆ ಅಲ್ಲಿನ ನೂರಕ್ಕೆ ಸುಮಾರು 90 ರೋಗಿಗಳಿಗೆ ನೆರವಾಗುವ ದಾರಿಯಾಯಿತು. ಉಳಿದವರಲ್ಲಿ ಅನೇಕರಿಗೆ ತಿದ್ದಲು ಪ್ರೋಟೀನೇ ಹುಟ್ಟದು. ಅವರು ಇಂದಿಗೂ ವಂಶವಾಹಿ ಚಿಕಿತ್ಸೆಯ ಬಾಗಿಲನ್ನೇ ಕಾದು ನಿಂತಿದ್ದಾರೆ.

ಈ ವೃತ್ತಾಂತದಲ್ಲಿ ಧರ್ಮಜಿಜ್ಞಾಸುಗಳು ಗಮನಿಸಬೇಕಾದ ಒಂದು ಅಂಶವಿದೆ. 1993ರಲ್ಲಿ ಮೈಯೊಡ್ಡಿದ ರೋಗಿಗಳಿಗೆ ಗುಣ ದೊರೆಯಲಿಲ್ಲ. ಲಂಡನ್ನಿನ ಪ್ರಯೋಗದಲ್ಲಿ ಹಲವರಿಗೆ ಹೋಲಿಕೆಗಾಗಿ ಕೊಟ್ಟದ್ದು ಬರಿಯ ಉಪ್ಪುನೀರು; ತಮಗೆ ದೊರೆತದ್ದು ಔಷಧವೋ ನೀರೋ ಎಂಬುದು ತಿಳಿಯದೆಯೇ ಅವರು ವರ್ಷವಿಡೀ ಬಂದುಹೋದರು. ಉಸಿರೇ ದುರ್ಲಭವಾದವನು ತನ್ನ ಉಸಿರನ್ನು ತಾನು ಕಾಣದ ಮಗುವಿನ ಸಲುವಾಗಿ ಒಪ್ಪಿಸುವುದೆಂದರೆ ಅದು ಸಾಮಾನ್ಯವಾದ ದಾನವಲ್ಲ. ಫಲ ತನಗಲ್ಲವೆಂಬುದನ್ನು ತಿಳಿದೂ ಮಾಡುವ ಸೇವೆಗೆ ಹಿರಿಯರು ಕೊಟ್ಟ ಹೆಸರು ಎಲ್ಲರಿಗೂ ವಿದಿತವೇ ಇದೆ. ಆದರೆ ಇಲ್ಲಿ ಒಂದು ನಿಯಮ ತಪ್ಪಬಾರದು: ಕೊಡುವವನು ತಿಳಿದು ಕೊಡಬೇಕು. ಗುಣವಾಗುವುದೆಂಬ ಆಸೆ ತೋರಿಸಿಯೋ ಅಪಾಯವನ್ನು ಮರೆಮಾಚಿಯೋ ಮೈಯನ್ನು ಪಡೆದುಕೊಂಡರೆ ಅದು ದಾನವಾಗದು, ಅಪಹಾರವಾಗುತ್ತದೆ. 1999ರ ದುರಂತದ ಬಳಿಕ ಹೆಚ್ಚಾಗಿ ಚರ್ಚೆಗೆ ಬಂದದ್ದು ಈ ನಿಯಮವೇ.

ತಿದ್ದುವ ಅಧಿಕಾರ ವೈದ್ಯನೊಬ್ಬನದೇ ಅಲ್ಲವೆಂಬುದನ್ನು ಮತ್ತೊಂದು ರೋಗ ತೋರಿಸಿಕೊಡುತ್ತದೆ. ಸ್ವೀಡನ್ನಿನ ಮಾಲ್ಮೋ ನಗರದಲ್ಲಿ ಲಾರೆಲ್ ಮತ್ತು ಎರಿಕ್ಸನ್ ಎಂಬುವರು 1963ರಲ್ಲಿ ಆಲ್ಫಾ-1 ಆಂಟಿಟ್ರಿಪ್ಸಿನ್ ಎಂಬ ಪ್ರೋಟೀನಿನ ವಂಶಾನುಗತ ಕೊರತೆಯನ್ನು ಪ್ರಕಟಿಸಿದರು. ಶ್ವಾಸಕೋಶವನ್ನು ಕಾಯುವ ಈ ಪ್ರೋಟೀನು ಕಡಮೆಯಾದವರಲ್ಲಿ ಅದರ ಗೋಡೆಗಳು ಕರಗುತ್ತ ಬರುತ್ತವೆ. ಆದರೆ ಇದೇ ಕೊರತೆಯುಳ್ಳವರಲ್ಲಿ ಹೊಗೆಬತ್ತಿ ಸೇದುವವರಿಗೆ ಬೇಗ ಕೇಡಾಗುತ್ತದೆ. ಸೇದದವರಲ್ಲಿ ಅನೇಕರು ಬಹುಕಾಲ ಬಾಳುತ್ತಾರೆ. ಬೀಜ ಒಂದೇ, ನಡೆ ಬೇರೆ, ಫಲವೂ ಬೇರೆ. ಹುಟ್ಟಿನಿಂದ ಬಂದುದು ವಿಧಿಯೆಂದು ಕೈಚೆಲ್ಲುವವರಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ.

ಮೂರನೆಯ ಪ್ರಶ್ನೆ: ಈ ಅಧಿಕಾರದ ಎಲ್ಲೆ ಯಾವುದು?

ಇಲ್ಲಿಯವರೆಗೆ ಹೇಳಿದ ಚಿಕಿತ್ಸೆ ರೋಗಿಯ ಶ್ವಾಸಕೋಶಕ್ಕೆ ಮಾತ್ರ ಸಂಬಂಧಿಸಿದ್ದು, ಅವನೊಡನೆಯೇ ಮುಗಿಯುವಂತಹುದು. ಬೀಜವನ್ನೇ, ಅಂದರೆ ಭ್ರೂಣದ ಮೊದಲ ಕೋಶವನ್ನೇ ತಿದ್ದುವುದು ಬೇರೆಯ ಮಾತು. ಆ ತಿದ್ದುಪಡಿ ಮಗನಿಗೆ, ಮೊಮ್ಮಗನಿಗೆ, ಹೆಸರೇ ಇಲ್ಲದ ಮುಂದಿನವರಿಗೆ ಹೋಗುತ್ತದೆ. 2018ರ ನವೆಂಬರಿನಲ್ಲಿ ಚೀನಾ ದೇಶದ ಹ ಜಿಯಾನ್‌ಕುಯಿ ಎಂಬ ವಿಜ್ಞಾನಿ ಹೀಗೆ ಭ್ರೂಣದಲ್ಲಿಯೇ ತಿದ್ದಿದ ಅವಳಿ ಹೆಣ್ಣುಮಕ್ಕಳು ಹುಟ್ಟಿರುವುದಾಗಿ ಘೋಷಿಸಿದನು. ಲೋಕದ ವಿದ್ವಾಂಸರು ಖಂಡಿಸಿದರು. 2019ರಲ್ಲಿ ಆ ದೇಶದ ನ್ಯಾಯಾಲಯ ಅವನಿಗೆ ಮೂರು ವರ್ಷಗಳ ಸೆರೆಮನೆವಾಸ ವಿಧಿಸಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿಯೂ ಸಂತತಿಗೆ ಸಾಗುವ ಇಂತಹ ತಿದ್ದುಪಡಿಗೆ ನಿಷೇಧವಿದೆ.

ಈ ನಿಷೇಧಕ್ಕೆ ಕಾರಣ ಬರಿಯ ಭಯವಲ್ಲ. ಬಳಲುತ್ತಿರುವವನು ಬಾಯಿಬಿಟ್ಟು ‘ಬೇಕು’ ಎನ್ನಬಲ್ಲನು, ‘ಬೇಡ’ ಎನ್ನಬಲ್ಲನು. ಹುಟ್ಟದಿರುವವನು ಏನನ್ನೂ ಹೇಳಲಾರನು. ಒಬ್ಬನ ಮೈಯಲ್ಲಿ ಮಾಡಿದ ತಪ್ಪು ಅವನೊಡನೆ ಹೋಗುತ್ತದೆ. ಬೀಜದಲ್ಲಿ ಮಾಡಿದ ತಪ್ಪು ಸಾಲದಂತೆ ತಲೆಮಾರುಗಳಿಗೆ ಇಳಿಯುತ್ತದೆ. ಮೇಲಾಗಿ, ರೋಗವನ್ನು ತಿದ್ದಲು ಕಲಿತ ಕೈ ಬಣ್ಣವನ್ನೂ ಎತ್ತರವನ್ನೂ ತಿದ್ದಲು ಹಾತೊರೆಯದೆಂದು ಹೇಳಬಲ್ಲವರಾರು? ಉಸಿರಾಡಲಾರದವನಿಗೆ ಉಸಿರು ಕೊಡುವುದು ದಯೆ. ಚೆಲುವಿಕೆಯನ್ನು ಆರಿಸಿ ಬಿತ್ತುವುದು ಅಹಂಕಾರ. ಶರಣರು ತೊರೆದ ಹುಟ್ಟಿನ ತಾರತಮ್ಯ ಹಣವುಳ್ಳವರ ಪ್ರಯೋಗಶಾಲೆಯ ಬಾಗಿಲಿನಿಂದ ಮತ್ತೆ ಒಳಬರಬಾರದು.

ಎಲ್ಲೆಯ ಮಾತು ಇಷ್ಟಕ್ಕೆ ಮುಗಿಯುವುದಿಲ್ಲ. ಬೆಲೆಗೂ ಒಂದು ಎಲ್ಲೆ ಬೇಕು. ಅಮೆರಿಕದಲ್ಲಿ ಈ ರೋಗದ ಮಕ್ಕಳ ತಂದೆತಾಯಿಗಳು 1955ರಲ್ಲಿ ಕೂಡಿ ಸಂಸ್ಥೆಯೊಂದನ್ನು ಕಟ್ಟಿದರು. ಮನೆಮನೆಯಿಂದ ಹಣ ಕೂಡಿಸಿದರು. ಆ ಸಂಸ್ಥೆ ಗುಳಿಗೆಗಳ ಶೋಧನೆಗೆ ಸುಮಾರು 15 ಕೋಟಿ ಡಾಲರುಗಳನ್ನು ಕೊಟ್ಟಿತು. ಔಷಧ ಸಿದ್ಧಿಸಿದ ಮೇಲೆ ತನಗೆ ಬರಬೇಕಾಗಿದ್ದ ಪಾಲನ್ನು 2014ರಲ್ಲಿ 330 ಕೋಟಿ ಡಾಲರುಗಳಿಗೆ ಮಾರಿ, ಆ ಹಣವನ್ನು ರೋಗಿಗಳ ಸೇವೆಗೂ ಮುಂದಿನ ಶೋಧನೆಗೂ ಮೀಸಲಿಟ್ಟಿತು. ಇಷ್ಟೂ ಮೆಚ್ಚತಕ್ಕ ಕಾರ್ಯ. ಆದರೆ ಗುಳಿಗೆಗೆ ಮೊದಲು ಕಟ್ಟಿದ ಬೆಲೆ ಒಬ್ಬ ರೋಗಿಗೆ ವರ್ಷಕ್ಕೆ ಮೂರು ಲಕ್ಷ ಡಾಲರುಗಳ ಸಮೀಪವಿತ್ತು. ಇಂಗ್ಲೆಂಡಿನಂತಹ ದೇಶದಲ್ಲಿಯೂ ತಂದೆತಾಯಿಗಳು ವರ್ಷಗಟ್ಟಲೆ ಹೋರಾಡಿದ ಮೇಲೆ 2019ರ ಅಕ್ಟೋಬರಿನಲ್ಲಿ ಸರ್ಕಾರದೊಡನೆ ಒಪ್ಪಂದವಾಯಿತು. ಬಡದೇಶಗಳ ಮಗುವಿನ ಪಾಡನ್ನು ಬೇರೆ ಹೇಳಬೇಕೆ?

ಶೋಧನೆಗೆ ಹಣ ಬೇಕು, ದುಡಿದವನಿಗೆ ಪ್ರತಿಫಲ ಬೇಕು. ಇದನ್ನು ಅಲ್ಲಗಳೆಯುವುದು ವಿವೇಕವಲ್ಲ. ಆದರೆ ಕಾಯಕದಿಂದ ಬಂದುದು ದಾಸೋಹದಲ್ಲಿ ಸೇರಿದಾಗಲೇ ಸಾರ್ಥಕವೆಂಬುದು ಶರಣಧರ್ಮದ ಮೂಲಸೂತ್ರ. ರೋಗಿಗಳು ಮೈಯೊಡ್ಡಿದರು, ತಾಯಂದಿರು ಕಾಸುಕಾಸು ಕೂಡಿಸಿದರು, ವಿದ್ವಾಂಸರು ಬಾಳನ್ನು ಸವೆಸಿದರು. ಇಷ್ಟು ಜನರ ಒಲೆಯಲ್ಲಿ ಬೆಂದ ಅನ್ನ ಪಂಕ್ತಿಯ ಮೊದಲ ಸಾಲಿಗೆ ಮಾತ್ರ ಬಡಿಸಲ್ಪಟ್ಟರೆ ಆ ಅಡುಗೆ ಪೂರೈಸಿತೆನ್ನಲಾಗದು. ಹಸಿದ ಕೊನೆಯವನ ಎಲೆಗೆ ಬೀಳುವವರೆಗೆ ಬಡಿಸುವವನು ಕೂರುವಂತಿಲ್ಲ.

ಹೀಗೆ ಮೂರು ಪ್ರಶ್ನೆಗಳಿಗೂ ವಿಚಾರದಿಂದ ದೊರೆಯುವ ಉತ್ತರಗಳು ಇವು. ಹುಟ್ಟಿನೊಡನೆ ಬಂದ ರೋಗದಲ್ಲಿ ಯಾರ ತಪ್ಪೂ ಇಲ್ಲ. ಮಗುವಿನದೂ ಅಲ್ಲ, ತಾಯಿಯದೂ ಅಲ್ಲ. ಅದನ್ನು ತಿದ್ದುವ ಯತ್ನ ಅಧರ್ಮವಲ್ಲ. ತಿಳಿದೂ ಸುಮ್ಮನಿರುವುದೇ ಅಧರ್ಮ. ಆ ಯತ್ನಕ್ಕೆ ಎಲ್ಲೆಗಳು ಮೂರು: ರೋಗಿಯ ತಿಳಿದ ಒಪ್ಪಿಗೆ, ಮುಂದಿನ ಸಂತತಿಯ ಮೇಲೆ ಕೈಮಾಡದ ಸಂಯಮ, ಫಲವನ್ನು ಎಲ್ಲರಿಗೂ ಹಂಚುವ ಬುದ್ಧಿ.

ದೂರದೇಶದ ಪ್ರಯೋಗಶಾಲೆಯ ಕೆಲಸದಲ್ಲಿ ಗೃಹಸ್ಥನ ಪಾಲೇನೆಂದು ಕೇಳಬಹುದು. ಪಾಲುಂಟು. ನೆರೆಮನೆಯಲ್ಲಿ ಇಂತಹ ಮಗುವಿದ್ದರೆ ಅದರ ಕೆಮ್ಮನ್ನು ಕೇಳಿ ಬಾಗಿಲು ಮುಚ್ಚದಿರುವುದು, ಅದರ ತಾಯಿಯನ್ನು ಮಂಗಳಕಾರ್ಯಗಳಿಂದ ದೂರವಿಡದಿರುವುದು, ವೈದ್ಯರ ಬಳಿಗೆ ಹೋಗಲು ಹಿಂಜರಿಯುವ ತಂದೆಯ ಜೊತೆಗೆ ಹೋಗುವುದು — ಇಷ್ಟನ್ನು ಮಾಡಲು ಯಾವ ಪ್ರಯೋಗಶಾಲೆಯೂ ಬೇಕಿಲ್ಲ. ಔಷಧ ಬರುವ ದಿನ ಬರಲಿ. ಅಲ್ಲಿಯವರೆಗೆ ಆ ಮನೆಯ ಹೊರೆಗೆ ಹೆಗಲು ಕೊಡುವವರು ಬೇಕು.